ಕಂಡುದನ್ನು ನುಡಿಯುವ ಶಿಕ್ಷಣ

ವಿಮಾನ ಚಾಲಕನ ಕಿವಿಗೆ ಎಂಜಿನಿನ ಬೆಂಕಿಯ ಗಂಟೆಗಿಂತ ಕಠೋರವಾದ ಸದ್ದು ಇನ್ನೊಂದಿರಲಾರದು. ಎಂಜಿನಿನ ಸುತ್ತ ಅಳವಡಿಸಿದ ಉಷ್ಣಗ್ರಾಹಕವು ಮಿತಿಮೀರಿದ ತಾಪವನ್ನು ಅರಿತೊಡನೆಯೇ ಚಾಲಕರ ಕೋಣೆಯಲ್ಲಿ ಗಂಟೆ ಬಾರಿಸುತ್ತದೆ. ಕೆಂಪು ದೀಪ ಬೆಳಗುತ್ತದೆ. ಆ ಗಳಿಗೆಯಲ್ಲಿ ಮಾಡಬೇಕಾದ ಕಾರ್ಯಗಳ ಕ್ರಮವು ಮೊದಲೇ ನಿಶ್ಚಿತವಾಗಿರುತ್ತದೆ. ಒಬ್ಬನು ವಿಮಾನವನ್ನು ಹಾರಿಸುತ್ತಲೇ ಇರಬೇಕು. ಇನ್ನೊಬ್ಬನು ಕೆಟ್ಟ ಎಂಜಿನಿನ ಸನ್ನೆಯ ಮೇಲೆ ಕೈಯಿಟ್ಟಾಗ, ಅದೇ ಎಂಜಿನು ಹೌದೆಂದು ಜೊತೆಗಾರನು ಕಣ್ಣಾರೆ ಕಂಡು ಬಾಯಿಬಿಟ್ಟು ಹೇಳಬೇಕು. ಅನಂತರವೇ ಇಂಧನವನ್ನು ನಿಲ್ಲಿಸಿ, ಬೆಂಕಿಯ ಹಿಡಿಕೆಯನ್ನು ಎಳೆಯಬೇಕು. ಬೋಯಿಂಗ್ 737 ಜಾತಿಯ ವಿಮಾನಗಳಲ್ಲಿ ದೀಪವು ಆರದಿದ್ದರೆ ಹಿಡಿಕೆಯನ್ನು ತಿರುಗಿಸಿ ಬೆಂಕಿ ನಂದಿಸುವ ಅನಿಲವನ್ನು ಬಿಡುತ್ತಾರೆ. 30 ಸೆಕೆಂಡು ಕಾದ ಬಳಿಕವೂ ದೀಪ ಉರಿಯುತ್ತಿದ್ದರೆ ಎರಡನೆಯ ಸಿಲಿಂಡರನ್ನು ಬಳಸುತ್ತಾರೆ. ಈ ಕ್ರಮದಲ್ಲೆಲ್ಲ ಅತಿ ಸರಳವಾದುದೂ ಅತಿ ಅಮೂಲ್ಯವಾದುದೂ ಆ ಎರಡನೆಯ ಜೊತೆ ಕಣ್ಣುಗಳು.

ಆ ಕಣ್ಣುಗಳಿದ್ದೂ ನಾಲಿಗೆ ಮೌನವಾದರೆ ಏನಾದೀತೆಂಬುದಕ್ಕೆ 1989ರ ಜನವರಿ 8ರ ದುರಂತವೇ ಸಾಕ್ಷಿ. ಅಂದು ರಾತ್ರಿ ಲಂಡನ್ನಿನಿಂದ ಬೆಲ್‌ಫಾಸ್ಟಿಗೆ ಹೊರಟಿದ್ದ ಬ್ರಿಟಿಷ್ ಮಿಡ್‌ಲ್ಯಾಂಡ್ ಸಂಸ್ಥೆಯ ಬೋಯಿಂಗ್ 737-400 ವಿಮಾನವು ಇಪ್ಪತ್ತೆಂಟು ಸಾವಿರ ಅಡಿಗಳನ್ನು ದಾಟಿ ಮೇಲೇರುತ್ತಿದ್ದಾಗ ಎಡ ಎಂಜಿನಿನ ಬೀಸಣಿಗೆಯ ಒಂದು ಅಲಗು ಮುರಿಯಿತು. ವಿಮಾನವು ನಡುಗಿತು, ಚಾಲಕರ ಕೋಣೆಗೆ ಹೊಗೆಯ ವಾಸನೆ ಬಂದಿತು. ಚಾಲಕರಿಬ್ಬರೂ ಕೆಟ್ಟದ್ದು ಬಲ ಎಂಜಿನೆಂದು ಭಾವಿಸಿದರು. ಅದರ ವೇಗವನ್ನು ತಗ್ಗಿಸಿದಾಗ ನಡುಕವೂ ತಗ್ಗಿತು. ಇದು ಕೇವಲ ಕಾಕತಾಳೀಯವಾಗಿದ್ದರೂ ಅವರ ನಿರ್ಣಯಕ್ಕೆ ಪುಷ್ಟಿ ದೊರೆತಂತಾಯಿತು. ನಿರ್ದೋಷಿಯಾದ ಬಲ ಎಂಜಿನನ್ನು ನಿಲ್ಲಿಸಿ, ಗಾಯಗೊಂಡ ಎಡ ಎಂಜಿನನ್ನೇ ನಂಬಿ ಅವರು ಈಸ್ಟ್ ಮಿಡ್‌ಲ್ಯಾಂಡ್ಸ್ ನಿಲ್ದಾಣದತ್ತ ತಿರುಗಿದರು. ನಡೆದುದನ್ನು ಮತ್ತೊಮ್ಮೆ ಪರಿಶೀಲಿಸಲು ನಾಯಕನು ಆರಂಭಿಸಿದನಾದರೂ ರೇಡಿಯೋ ಸಂದೇಶಗಳು ನಡುವೆ ಬಂದು ಆ ವಿಚಾರವು ಅರ್ಧಕ್ಕೇ ನಿಂತಿತು. ಓಡುಹಾದಿಯು ಇನ್ನು ಸುಮಾರು ನಾಲ್ಕೂವರೆ ಕಿಲೋಮೀಟರು ಇರುವಾಗ ಎಡ ಎಂಜಿನು ಶಕ್ತಿಗುಂದಿತು. ಬೆಂಕಿಯ ಗಂಟೆ ಬಾರಿಸಿದುದು ಆಗ. ಕೆಗ್ವರ್ತ್ ಗ್ರಾಮದ ಬಳಿ ಹೆದ್ದಾರಿಯ ದಿಬ್ಬಕ್ಕೆ ವಿಮಾನವು ಅಪ್ಪಳಿಸಿತು. ಅದರಲ್ಲಿದ್ದ 126 ಮಂದಿಯಲ್ಲಿ 47 ಮಂದಿ ಅಸುನೀಗಿದರು.

ಆ ಗಂಟೆಗಿಂತ ಬಹಳ ಮೊದಲೇ ಬೇರೊಂದು ಎಚ್ಚರಿಕೆಯು ವಿಮಾನದೊಳಗೇ ಇದ್ದಿತು. ಎಡ ಎಂಜಿನಿನಿಂದ ಕಿಡಿ ಜ್ವಾಲೆಗಳು ಹೊಮ್ಮುವುದನ್ನು ಅನೇಕ ಪ್ರಯಾಣಿಕರು ಕಿಟಕಿಯಿಂದ ಕಂಡಿದ್ದರು. ಪರಿಚಾರಕ ವರ್ಗದವರಲ್ಲಿ ಮೂವರು ಕೂಡ ಕಂಡಿದ್ದರು. ಬಲ ಎಂಜಿನಿನಲ್ಲಿ ತೊಂದರೆಯಿದೆಯೆಂದು ನಾಯಕನು ಧ್ವನಿವರ್ಧಕದಲ್ಲಿ ತಿಳಿಸಿದಾಗ ಪ್ರಯಾಣಿಕರಲ್ಲಿ ಹಲವರಿಗೆ ಸಂಶಯವುಂಟಾಯಿತು. ಆದರೆ ಆ ಸಂಶಯವು ಚಾಲಕರ ಕೋಣೆಯ ಬಾಗಿಲನ್ನು ತಲುಪಲಿಲ್ಲ. ತಿಳಿದವರು ಹೇಳಿದ ಮೇಲೆ ತಿಳಿಯದವರು ಎದುರಾಡುವುದೆಂತು ಎಂಬ ಸಂಕೋಚವು ಮನುಷ್ಯ ಸಹಜವಾದುದು. ಚಾಲಕರು ಅನುಭವವಿಲ್ಲದವರಲ್ಲ. ಅವರಿಗೆ ಈ ಹೊಸ ಮಾದರಿಯ ವಿಮಾನದ ಕೃತಕ ಯಾನ ಯಂತ್ರದಲ್ಲಿ ತರಬೇತಿ ದೊರೆತಿರಲಿಲ್ಲ. ಕಂಪನವನ್ನು ತೋರುವ ಮಾಪಕವೂ ಚಿಕ್ಕದಾಗಿದ್ದಿತು. ಆದುದರಿಂದ ಅವರಿಬ್ಬರನ್ನಷ್ಟೇ ದೂಷಿಸುವುದು ನ್ಯಾಯವಲ್ಲ.

ಇದಕ್ಕೆ ಪ್ರತಿಯಾಗಿ 2010ರ ನವೆಂಬರ್ 4ರಂದು ಸಿಂಗಪುರದಿಂದ ಸಿಡ್ನಿಗೆ ಹೊರಟ ಕ್ವಾಂಟಾಸ್ ಸಂಸ್ಥೆಯ ಏರ್‌ಬಸ್ ಎ380 ವಿಮಾನದ ವೃತ್ತಾಂತವನ್ನು ನೋಡಬಹುದು. ಇಂಡೊನೇಷ್ಯದ ಬಾತಾಂ ದ್ವೀಪದ ಮೇಲೆ ಅದರ ಎರಡನೆಯ ಎಂಜಿನು ಸಿಡಿದು, ಚೂರುಗಳು ರೆಕ್ಕೆಯನ್ನು ತೂತುಮಾಡಿದವು. ಬೆಂಕಿಯ ಎಚ್ಚರಿಕೆಯು ಒಂದೆರಡು ಸೆಕೆಂಡು ಮಾತ್ರ ಕಾಣಿಸಿಕೊಂಡು ಮರೆಯಾಯಿತು. ಬೆನ್ನಿಗೇ ದೋಷಸೂಚನೆಗಳ ಸರಮಾಲೆಯೇ ಬಂದಿತು. ಕೋಣೆಯಲ್ಲಿದ್ದ ಐವರು ಚಾಲಕರು ಅವಸರಪಡದೆ ಒಂದೊಂದನ್ನೇ ಓದಿ, ಚರ್ಚಿಸಿ, ಬಗೆಹರಿಸುತ್ತ ಹೋದರು. ಯಂತ್ರದ ಮಾತನ್ನಷ್ಟೇ ನಂಬದೆ ಅವರಲ್ಲೊಬ್ಬನು ಪ್ರಯಾಣಿಕರ ನಡುವೆ ಹೋಗಿ ರೆಕ್ಕೆಯನ್ನು ನೋಡಿಬಂದನು. ಪ್ರಯಾಣಿಕನಾಗಿ ಕುಳಿತಿದ್ದ ಅದೇ ಸಂಸ್ಥೆಯ ಚಾಲಕನೊಬ್ಬನು ಆತನನ್ನು ತಡೆದು, ಬಾಲದ ಕ್ಯಾಮೆರಾದ ಚಿತ್ರದಲ್ಲಿ ರೆಕ್ಕೆಯಿಂದ ದ್ರವವು ಸೋರುತ್ತಿರುವಂತೆ ಕಾಣುವುದನ್ನು ತೋರಿಸಿದನು. ಸುಮಾರು ಒಂದೂಮುಕ್ಕಾಲು ಗಂಟೆಯ ಬಳಿಕ ವಿಮಾನವು ಸಿಂಗಪುರದಲ್ಲೇ ಇಳಿಯಿತು. ಅದರಲ್ಲಿದ್ದ 469 ಮಂದಿಯಲ್ಲಿ ಒಬ್ಬರಿಗೂ ಗಾಯವಾಗಲಿಲ್ಲ.

ಕಂಡವರು ಎರಡು ವಿಮಾನಗಳಲ್ಲಿಯೂ ಇದ್ದರು. ಎರಡನೆಯದರಲ್ಲಿ ಕೇಳಲು ಹೋದವನೊಬ್ಬನಿದ್ದನು, ಹೇಳಲು ಹೆದರದವನೊಬ್ಬನಿದ್ದನು. ಇದು ಅದೃಷ್ಟದಿಂದ ಒದಗಿದ ಗುಣವಲ್ಲ. ಅಮೆರಿಕದ ನಾಸಾ ಸಂಸ್ಥೆಯು 1979ರಲ್ಲಿ ನಡೆಸಿದ ಗೋಷ್ಠಿಯಿಂದ ಮೊದಲ್ಗೊಂಡು, ಕಿರಿಯನು ವಿನಯದಿಂದ ಎಚ್ಚರಿಸುವುದನ್ನೂ ಹಿರಿಯನು ಸಿಟ್ಟಾಗದೆ ಆಲಿಸುವುದನ್ನೂ ವಿಮಾನ ಸಂಸ್ಥೆಗಳು ಒಂದು ವಿದ್ಯೆಯಾಗಿಯೇ ಕಲಿಸುತ್ತ ಬಂದಿವೆ.

ಶರಣರ ನಾಡಿಗೆ ಈ ವಿದ್ಯೆ ಹೊಸದಲ್ಲ. ಕಾಯಕನಿಷ್ಠನಾದ ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅದು ಸಲ್ಲದೆಂದು ಪತ್ನಿ ಲಕ್ಕಮ್ಮನು ನೇರವಾಗಿ ಹೇಳಿದಳೆಂದೂ, ಮಾರಯ್ಯನು ಹೆಚ್ಚಿನ ಅಕ್ಕಿಯನ್ನು ಹಿಂದಿರುಗಿಸಿದನೆಂದೂ ಪರಂಪರೆಯು ಹೇಳುತ್ತದೆ. ಲಕ್ಕಮ್ಮನ ನಿರ್ಭೀತಿಯನ್ನು ಕೊಂಡಾಡುವವರು ಮಾರಯ್ಯನ ದೊಡ್ಡತನವನ್ನು ಮರೆಯಬಾರದು. ನುಡಿದವಳೂ ಶರಣೆ, ಕೇಳಿದವನೂ ಶರಣ.

ಹೀಗಿರುವಾಗ ಶರಣರ ಹೆಸರಿನಲ್ಲಿ ನಡೆಯುವ ವಿದ್ಯಾಲಯಗಳಲ್ಲಿ ಈ ಗುಣವು ಎಷ್ಟರಮಟ್ಟಿಗೆ ಬೆಳೆಯುತ್ತಿದೆ ಎಂಬುದು ವಿಚಾರಾರ್ಹ. ಕರಿಹಲಗೆಯ ಮೇಲಿನ ಲೆಕ್ಕದಲ್ಲಿ ತಪ್ಪಿರುವುದನ್ನು ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕಾಣುತ್ತಾಳೆ. ಗದರಿಸಿಕೊಂಡ ನೆನಪಿನಿಂದ ತಪ್ಪನ್ನೇ ನಕಲು ಮಾಡಿಕೊಳ್ಳುತ್ತಾಳೆ. ದಾನಿಗಳ ಧನದಿಂದ ಎದ್ದ ಕೊಠಡಿಯ ತೊಲೆಯಲ್ಲಿ ಬಿರುಕನ್ನು ಮೊದಲು ಕಾಣುವವನು ಕಸ ಗುಡಿಸುವ ಜವಾನ; ಅವನನ್ನು ಕೇಳುವವರಿಲ್ಲ. ಇದನ್ನು ಶಿಸ್ತೆಂದು ಕರೆಯುವುದು ವಾಡಿಕೆ. ಪ್ರಶ್ನೆಗೆ ಅವಕಾಶವಿತ್ತರೆ ಗುರುಗೌರವವು ಕುಂದುವುದೆಂಬ ಭಯವನ್ನು ಹಿರಿಯ ಶಿಕ್ಷಕರು ವ್ಯಕ್ತಪಡಿಸುವುದುಂಟು. ಆದರೆ ವಿಮಾನದಲ್ಲಿ ಅಂತಿಮ ನಿರ್ಣಯವು ಇಂದಿಗೂ ನಾಯಕನದೇ. ಕಿರಿಯರ ಮಾತನ್ನು ಕೇಳಿದುದರಿಂದ ಅವನ ಅಧಿಕಾರವು ಕುಗ್ಗಿಲ್ಲ, ಅವನ ದೃಷ್ಟಿಯು ಹಿಗ್ಗಿದೆ.

ಇಂಥ ಶಾಲೆಗಳಿಂದ ಹೊರಟವರು ಮುಂದೆ ಆಸ್ಪತ್ರೆಗಳಲ್ಲಿ, ಅಣೆಕಟ್ಟುಗಳಲ್ಲಿ, ಕಾರ್ಖಾನೆಗಳಲ್ಲಿ ಪರರ ಪ್ರಾಣದ ಹೊಣೆ ಹೊರುತ್ತಾರೆ. ತಪ್ಪನ್ನು ತೋರಿಸಿದ ವಿದ್ಯಾರ್ಥಿಗೆ ತರಗತಿಯಲ್ಲೇ ಕೃತಜ್ಞತೆ ಹೇಳುವ ಒಬ್ಬ ಗುರುವು ಸಾವಿರ ನೀತಿಪಾಠಗಳಿಗೆ ಸಮಾನ. ಅದಕ್ಕೆ ಹೊಸ ಕಟ್ಟಡ ಬೇಡ, ಹೊಸ ನಿಧಿ ಬೇಡ. ಗುರುವಿನ ಹೃದಯದಲ್ಲಿ ತುಸು ಸ್ಥಳವಿದ್ದರೆ ಸಾಕು. ಗಂಟೆ ಬಾರಿಸುವವರೆಗೆ ಕಾಯುವುದು ಯಂತ್ರದ ಕೆಲಸ. ಅದಕ್ಕೆ ಮೊದಲೇ ಕಂಡುದನ್ನು ನುಡಿಯುವುದು, ನುಡಿದುದನ್ನು ಆಲಿಸುವುದು ಮನುಷ್ಯರ ಧರ್ಮ.