ನೀರಿನಲ್ಲಿ ಉಸಿರು ಬಿಡುವ ಪಾಠ

ಈಜು ಸರ್ವಾಂಗಕ್ಕೂ ವ್ಯಾಯಾಮ ನೀಡುವ ಕಲೆಯೆಂಬುದು ಎಲ್ಲರೂ ಬಲ್ಲ ಸಂಗತಿ. ದೇಹದ ಭಾರವನ್ನು ನೀರೇ ಹೊರುವುದರಿಂದ, ಮೊಣಕಾಲಿನ ನೋವಿನಿಂದಾಗಿ ನಡಿಗೆಯನ್ನು ಕೈಬಿಟ್ಟವರಿಗೂ ಅದು ಒದಗಿಬರುತ್ತದೆ. ಹೆಸರಿನಲ್ಲಿಯೇ ಕೆರೆಯನ್ನುಳ್ಳ ನಮ್ಮ ಅರೆಕೆರೆಯಲ್ಲಿ ಈಗ ಈಜಲೆಂದು ಕೆರೆಗಿಳಿಯುವ ಕಾಲವಿಲ್ಲ. ಬನ್ನೇರುಘಟ್ಟ ರಸ್ತೆಯ ಆಸುಪಾಸಿನ ವಸತಿ ಸಮುಚ್ಚಯಗಳಲ್ಲಿ ಈಜುಕೊಳಗಳಿವೆ. ನಡುವಯಸ್ಸಿನ ಗೃಹಸ್ಥರೂ ಗೃಹಿಣಿಯರೂ ಉತ್ಸಾಹದಿಂದ ಅಲ್ಲಿ ಫ್ರೀಸ್ಟೈಲ್ ಈಜಿಗೆ ತೊಡಗುತ್ತಾರೆ. ಆದರೆ ೨೫ ಮೀಟರು ಸಾಗುವಷ್ಟರಲ್ಲಿ ಏದುಸಿರು ಬಂದು, ‘ಇದು ನಮ್ಮ ವಯಸ್ಸಿಗೆ ಹೇಳಿದ್ದಲ್ಲ’ ಎಂದು ಮೆಟ್ಟಿಲೇರಿದವರಲ್ಲಿ ಅನೇಕರು ಮತ್ತೆ ಅತ್ತ ಸುಳಿಯುವುದಿಲ್ಲ. ದೋಷವು ಬಹುಪಾಲು ವಯಸ್ಸಿನದಲ್ಲ, ಉಸಿರಿನದು ಮತ್ತು ತಲೆಯ ನಿಲುವಿನದು ಎಂಬುದನ್ನು ಈ ತಿಂಗಳು ಓದುಗ ಬಂಧುಗಳ ಗಮನಕ್ಕೆ ತರಬಯಸುತ್ತೇವೆ.

ಹಳ್ಳಿಗಳಿಂದ ಬಂದ ನಮ್ಮಲ್ಲಿ ಹಲವರು ಸೊಂಟಕ್ಕೆ ಬೆಂಡನ್ನೋ ಒಣಗಿದ ಸೋರೆಬುರುಡೆಯನ್ನೋ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತವರು. ಬಾವಿಯ ಈಜಿನಲ್ಲಿ ತಲೆ ನೀರಿನ ಮೇಲೆಯೇ ಇರುತ್ತದೆ. ಮೇಲಿನಿಂದ ಯಾರು ಧುಮುಕುತ್ತಾರೆಂದು ನೋಡಿಕೊಳ್ಳಲು ಅದು ಅಗತ್ಯ. ನಾಲ್ಕು ಮಾರು ಸಾಗಿದರೆ ಕಲ್ಲು ಕೈಗೆ ಸಿಗುವುದರಿಂದ ಆಯಾಸವೂ ತಿಳಿಯದು. ಕೊಳದ ಉದ್ದಕ್ಕೆ ಆ ರೂಢಿ ಸಾಲದು. ನಮ್ಮ ಶರೀರ ನೀರಿನಲ್ಲಿ ತಕ್ಕಡಿಯಂತೆ. ಶ್ವಾಸಕೋಶಗಳಲ್ಲಿ ಗಾಳಿ ಇರುವುದರಿಂದ ಎದೆ ತೇಲುತ್ತದೆ, ಕಾಲುಗಳು ಇಳಿಯುತ್ತವೆ. ತಲೆಯನ್ನು ಎತ್ತಿದಷ್ಟೂ ಅವು ಇನ್ನೂ ಕೆಳಗಿಳಿದು ದೇಹ ಓರೆಯಾಗುತ್ತದೆ. ನೀರು ಗಾಳಿಗಿಂತ ಸುಮಾರು ೮೦೦ ಪಟ್ಟು ಸಾಂದ್ರವಾದುದು. ಅದರೊಳಗೆ ಓರೆಯಾದ ದೇಹವನ್ನು ತೋಳ್ಬಲದಿಂದ ನೂಕುವುದಕ್ಕಿಂತ, ದೇಹವನ್ನು ನೇರವಾಗಿಸಿ ನೀರಿನ ತಡೆಯನ್ನು ತಗ್ಗಿಸುವುದೇ ವಿವೇಕ.

ಸ್ಪರ್ಧೆಯ ನಿಯಮದಲ್ಲಿ ಫ್ರೀಸ್ಟೈಲ್ ಎಂದರೆ ಇಷ್ಟಬಂದಂತೆ ಈಜುವುದು. ಆದರೂ ಎಲ್ಲರೂ ಬೋರಲಾಗಿ, ಕೈಗಳನ್ನು ಒಂದಾದ ಮೇಲೊಂದು ಬೀಸುವ ಕ್ರಾಲ್ ವಿಧಾನವನ್ನೇ ಆರಿಸಿಕೊಳ್ಳುತ್ತಾರೆ, ಏಕೆಂದರೆ ವೇಗದಲ್ಲಿ ಅದಕ್ಕೆ ಸಾಟಿಯಿಲ್ಲ. ೨೦೦೦ರ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ನಿಶಾ ಮಿಲ್ಲೆಟ್, ೨೦೨೪ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ೧೪ ವರ್ಷದ ಧಿನಿಧಿ ದೇಸಿಂಗು, ಬೆಂಗಳೂರಿನ ಈ ಇಬ್ಬರೂ ೨೦೦ ಮೀಟರ್ ಫ್ರೀಸ್ಟೈಲ್‌ನಲ್ಲಿ ಭಾರತವನ್ನು ಪ್ರತಿನಿಧಿಸಿದರು. ಅಂಥವರ ವೇಗ ನಮಗೆ ಬೇಕಿಲ್ಲ. ಅವರ ಮೈಯ ನೇರವೂ ಉಸಿರಿನ ಲಯವೂ ಬೇಕು.

ಉಸಿರಿನಿಂದಲೇ ಆರಂಭಿಸೋಣ. ಹೊಸಬರು ಮುಖ ಮುಳುಗಿದೊಡನೆ ಉಸಿರನ್ನು ಬಿಗಿಹಿಡಿಯುತ್ತಾರೆ. ಮುಖ ಹೊರಳಿಸಿದ ಅರೆಗಳಿಗೆಯಲ್ಲಿ ಹಳೆಯ ಗಾಳಿಯನ್ನು ಬಿಡಬೇಕು, ಹೊಸದನ್ನೂ ಎಳೆಯಬೇಕು. ಎರಡಕ್ಕೂ ಸಮಯ ಸಾಲದು. ಒಳಗೆ ಇಂಗಾಲದ ಡೈಆಕ್ಸೈಡ್ ಹೆಚ್ಚಾದಂತೆ ಉಸಿರುಗಟ್ಟಿದ ಭಾವ ಬಂದು ಮನಸ್ಸು ಗಾಬರಿಗೊಳ್ಳುತ್ತದೆ. ಪರಿಹಾರ ಸರಳ. ಎದೆಮಟ್ಟದ ನೀರಿನಲ್ಲಿ ನಿಂತು ಮುಖವನ್ನು ಮುಳುಗಿಸಿ, ಮೂಗಿನಿಂದ ಗುಳ್ಳೆಗಳು ಎಡೆಬಿಡದೆ ಹೊರಡುವಂತೆ ಉಸಿರು ಬಿಡಬೇಕು. ಬಳಿಕ ಮುಖವನ್ನು ಪಕ್ಕಕ್ಕೆ ಹೊರಳಿಸಿ ಬಾಯಿಂದ ಎಳೆದುಕೊಳ್ಳಬೇಕು. ದಿನಕ್ಕೆ ೨೦ ಬಾರಿ ಈ ಅಭ್ಯಾಸ ಸಾಕು.

ಈಜುವಾಗ ದೃಷ್ಟಿ ಕೊಳದ ತಳದ ಮೇಲಿರಲಿ. ಉಸಿರಿಗಾಗಿ ತಲೆಯನ್ನು ಎತ್ತದೆ, ಹೊರಳುವ ಮೈಯೊಡನೆ ಹೊರಳಿಸಬೇಕು. ಆಗಲೂ ಒಂದು ಕಿವಿ, ಒಂದು ಕಣ್ಣು ನೀರಿನಲ್ಲಿಯೇ ಉಳಿದಿರಬೇಕು. ಕೈಯು ಭುಜದ ನೇರಕ್ಕೆ ಮುಂದೆ ನೀರನ್ನು ಸೇರಲಿ. ನಡುಗೆರೆಯನ್ನು ದಾಟಿದರೆ ಭುಜಕ್ಕೆ ಪೆಟ್ಟು. ಮೊಣಕೈಯನ್ನು ಮೇಲಿರಿಸಿ, ಅಂಗೈ ಮುಂಗೈಗಳೆರಡನ್ನೂ ಹುಟ್ಟಿನಂತೆ ಬಳಸಿ ನೀರನ್ನು ಹಿಂದಕ್ಕೆ ತಳ್ಳಬೇಕು. ಕಾಲಿನ ಬಡಿತ ತೊಡೆಯ ಬುಡದಿಂದ ಹೊರಡಲಿ. ಸೈಕಲ್ ತುಳಿದಂತೆ ಮೊಣಕಾಲನ್ನು ಮಡಿಸಿದರೆ ದಣಿವು ಹೆಚ್ಚು, ಸಾಗುವುದು ಕಡಿಮೆ.

ಇವೆಲ್ಲವನ್ನೂ ಒಂದೇ ದಿನ ಸಾಧಿಸಹೊರಡುವುದು ಬೇಡ; ವಾರಕ್ಕೊಂದು ಅಂಶ ಸಾಕು. ಒಂದು ಉದ್ದ ಈಜಿ, ಉಸಿರು ಸಮಸ್ಥಿತಿಗೆ ಬರುವವರೆಗೆ ನಿಂತು, ಮತ್ತೆ ಹೊರಡಬೇಕು. ಎಷ್ಟು ಕೈಬೀಸಿಗೆ ದಡ ಸೇರಿದೆವೆಂದು ಎಣಿಸುತ್ತಿರಬೇಕು. ೨೮ ಬೀಸು ಬೇಕಾಗಿದ್ದ ದೂರಕ್ಕೆ, ಆಯಾಸ ಹೆಚ್ಚದೆ, ೨೪ ಸಾಕಾದರೆ ವಿಧಾನ ಸುಧಾರಿಸಿತೆಂದೇ ಅರ್ಥ.

ಹೃದಯದ ತೊಂದರೆ, ರಕ್ತದೊತ್ತಡ ಉಳ್ಳವರು ವೈದ್ಯರನ್ನು ಕೇಳಿಯೇ ನೀರಿಗಿಳಿಯಬೇಕು. ಎಷ್ಟೇ ಬಲ್ಲವರಾದರೂ ಒಬ್ಬರೇ ಈಜಬಾರದು. ಉಸಿರು ಕಟ್ಟಿ ನೀರಿನಡಿ ಯಾರು ಹೆಚ್ಚು ದೂರ ಹೋಗುವರೆಂಬ ಪಂದ್ಯವನ್ನು ಮಕ್ಕಳಾಗಲಿ ದೊಡ್ಡವರಾಗಲಿ ಎಂದಿಗೂ ಕಟ್ಟಬಾರದು. ಮುನ್ಸೂಚನೆಯೇ ಇಲ್ಲದೆ ಪ್ರಜ್ಞೆ ತಪ್ಪಿ ಪ್ರಾಣ ಹೋಗುವ ಅಪಾಯವಿದೆ.

ಕೊಳವನ್ನು ಬಿಟ್ಟುಬಂದ ಬಂಧುಗಳು ಇನ್ನೊಮ್ಮೆ ಇಳಿಯಲಿ ಎಂಬುದು ನಮ್ಮ ಕೋರಿಕೆ. ಮೊದಲ ವಾರ ಈಜುವ ಗೋಜೇ ಬೇಡ. ಸೊಂಟಮಟ್ಟದ ನೀರಾದರೂ ಸರಿ, ಎದೆಮಟ್ಟದ ನೀರಾದರೂ ಸರಿ, ನಿಂತು ನಿಧಾನವಾಗಿ ಉಸಿರು ಬಿಡುವುದನ್ನು ಕಲಿಯಲಿ. ಅದು ಕೈಗೂಡಿದ ಮೇಲೆ ಆಚೆಯ ದಡ ಅಷ್ಟು ದೂರವೆನಿಸದು.