ಇಟ್ಟ ಜಾಗದಲ್ಲೇ ಬದುಕುವ ಜೀವ



ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಕಡೆಯಲ್ಲಿ ಹವಳ ಎಂದರೆ ಕೊರಳಿನಲ್ಲಿರುವ ವಸ್ತು. ತಾಳಿಸರದಲ್ಲಿ ಕರಿಮಣಿಯ ಜೊತೆಗೆ ಕೆಂಪು ಹವಳ ಪೋಣಿಸುವುದು ಇಲ್ಲಿನ ಅನೇಕ ಮನೆಗಳ ವಾಡಿಕೆ. ಮನೆಯಲ್ಲಿ ಕನ್ನಡ ಮಾತನಾಡುವವರು ಹವಳ ಎನ್ನುತ್ತಾರೆ, ನೆರೆಮನೆಯ ತೆಲುಗಿನವರು ಪಗಡಂ ಎನ್ನುತ್ತಾರೆ. ಕೃಷ್ಣೆಯೂ ತುಂಗಭದ್ರೆಯೂ ಹರಿಯುವ ಸೀಮೆ ಇದು. ಆದರೆ ಇಲ್ಲಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರ 250 ಕಿಲೋಮೀಟರಿನಾಚೆ. ಹಾಗಾಗಿ ಆ ಕೆಂಪು ಮಣಿ ಒಂದು ಕಾಲಕ್ಕೆ ಕಡಲ ತಳದಲ್ಲಿ ಬದುಕಿದ್ದ ಜೀವಿಗಳ ಗೂಡು ಎಂಬುದನ್ನು ನಾವು ಹೆಚ್ಚಾಗಿ ಯೋಚಿಸುವುದಿಲ್ಲ. ಆಭರಣದ ಕೆಂಪು ಹವಳಕ್ಕೆ ಮೆಡಿಟರೇನಿಯನ್ ಸಮುದ್ರ ಹೆಸರುವಾಸಿ. ಇಟಲಿಯ ನೇಪಲ್ಸ್ ಬಳಿಯ ತೋರೆ ದೆಲ್ ಗ್ರೆಕೊ ಎಂಬ ಊರಿನವರು ತಲೆಮಾರುಗಳಿಂದ ಅದನ್ನು ಕಡೆದು ಮಣಿ ಮಾಡುತ್ತಾ ಬಂದಿದ್ದಾರೆ.

ಈಗ ಕಾಲ ಬದಲಾಗಿದೆ. ಬಣ್ಣಬಣ್ಣದ ಉಪ್ಪುನೀರಿನ ಅಕ್ವೇರಿಯಂಗಳನ್ನು ಮೊಬೈಲಿನಲ್ಲಿ ಕಂಡ ಮಕ್ಕಳು ನಮ್ಮ ಮನೆಯಲ್ಲೂ ಅಂಥದೊಂದು ಬೇಕೆಂದು ಹಟ ಹಿಡಿಯುತ್ತಾರೆ. ಮಕ್ತಲ್ ಕಡೆಯ ಒಂದು ಕುಟುಂಬದವರು ಇತ್ತೀಚೆಗೆ ನಮ್ಮನ್ನು ಕೇಳಿದರು: "ಫಾದರ್, ಗಾಜಿನ ತೊಟ್ಟಿ ತಂದಾಗಿದೆ. ಮಗಳು ಜೀವಂತ ಹವಳ ಇಡಬೇಕು ಅಂತಾಳೆ. ಮೊದಲು ಯಾವುದನ್ನು ತರಬೇಕು, ಎಲ್ಲಿ ಇಡಬೇಕು?" ಅಂಗಡಿಯವನೊಬ್ಬ ಬಿಲ್ಲಿಲ್ಲದೆ ಕಡಿಮೆ ಬೆಲೆಗೆ ಕೊಡುತ್ತೇನೆ ಎಂದಿದ್ದನಂತೆ. ಪ್ರಶ್ನೆ ಚಿಕ್ಕದಾಗಿ ಕಂಡರೂ ಇದರಲ್ಲಿ ಕಾನೂನಿದೆ, ಮಕ್ಕಳ ಸುರಕ್ಷತೆ ಇದೆ, ಒಂದು ಜೀವದ ಅಳಿವು ಉಳಿವೂ ಇದೆ. ಆದ್ದರಿಂದ ಉತ್ತರವನ್ನು ಎಲ್ಲ ಓದುಗರಿಗಾಗಿ ಬರೆಯುತ್ತಿದ್ದೇವೆ.

ಹವಳ ಕಲ್ಲಲ್ಲ, ಗಿಡವೂ ಅಲ್ಲ, ಪ್ರಾಣಿ. ಸಣ್ಣ ಚೀಲದಂಥ ದೇಹ, ಒಂದು ಬಾಯಿ, ಬಾಯಿಯ ಸುತ್ತ ಬೆರಳಿನಂಥ ಎಳೆಗಳು. ಇಂಥ ನೂರಾರು ಜೀವಿಗಳು ಒಟ್ಟಾಗಿ ಬದುಕುವ ಸಂಸಾರವನ್ನೇ ನಾವು ಹವಳ ಎನ್ನುತ್ತೇವೆ. ತೊಟ್ಟಿಗಳಲ್ಲಿ ಸಾಕುವ ಬಹುತೇಕ ಹವಳಗಳ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ವಾಸವಾಗಿರುತ್ತದೆ. ಪಾಚಿ ಬೆಳಕಿನಿಂದ ಆಹಾರ ತಯಾರಿಸಿ ಅದರ ಹೆಚ್ಚಿನ ಪಾಲನ್ನು ಹವಳಕ್ಕೆ ಕೊಡುತ್ತದೆ, ಹವಳ ಅದಕ್ಕೆ ಮನೆಯಾಗುತ್ತದೆ. ಮೀನಿಗೆ ಒಂದು ಜಾಗ ಸೇರದಿದ್ದರೆ ಇನ್ನೊಂದು ಮೂಲೆಗೆ ಈಜಿಕೊಂಡು ಹೋಗುತ್ತದೆ. ಹವಳ ಎದ್ದು ಹೋಗಲಾರದು. ಇಟ್ಟ ಜಾಗದಲ್ಲೇ ಅದು ಬದುಕಬೇಕು, ಇಲ್ಲವೇ ಸಾಯಬೇಕು. ಹಾಗಾಗಿ ಹೊಣೆಯೆಲ್ಲ ಇಟ್ಟವರದು.

ಮೊದಲು ಕಾನೂನು

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಗೆ 2001ರಲ್ಲಿ ಹವಳಗಳನ್ನು ಸೇರಿಸಲಾಯಿತು. ಬಂಡೆ ಕಟ್ಟುವ ಕಲ್ಲು ಹವಳದ ಎಲ್ಲ ಜಾತಿಗಳು, ಕಪ್ಪು ಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳ, ಬೀಸಣಿಗೆಯಂತಿರುವ ಸೀ ಫ್ಯಾನ್ ಇವೆಲ್ಲ ಅದರಲ್ಲಿವೆ. ಹುಲಿಗೆ ಇರುವ ರಕ್ಷಣೆಯೇ ಇವಕ್ಕೂ ಇದೆ. ಮೊದಲನೆಯ ಅನುಸೂಚಿಯ ಪ್ರಾಣಿಯ ವಿಷಯದಲ್ಲಿ ತಪ್ಪು ಮಾಡಿದವರಿಗೆ 3ರಿಂದ 7 ವರ್ಷಗಳ ಜೈಲುಶಿಕ್ಷೆಗೆ ಅವಕಾಶವಿದೆ. ಆದ್ದರಿಂದ ಅಂಗಡಿಯವರು ಎಷ್ಟೇ ಚಂದದ ಕಲ್ಲು ಹವಳ ತೋರಿಸಲಿ, ಎಷ್ಟೇ ಅಗ್ಗಕ್ಕೆ ಕೊಡಲಿ, ಅದು ನಮಗೆ ಬೇಡ.

ಇದು ಸುಮ್ಮನೆ ಮಾಡಿದ ಕಾನೂನಲ್ಲ. ತಮಿಳುನಾಡಿನ ಮನ್ನಾರ್ ಕೊಲ್ಲಿಯಲ್ಲಿ ಸುಣ್ಣಕ್ಕೂ ಸಿಮೆಂಟಿಗೂ ವರ್ಷಾನುಗಟ್ಟಲೆ ಹವಳದ ಬಂಡೆಗಳನ್ನು ಕಿತ್ತರು. ಅಲ್ಲಿನ 21 ನಡುಗಡ್ಡೆಗಳಲ್ಲಿ ಪೂವರಸನ್‌ಪಟ್ಟಿ, ವಿಲಂಗುಚಲ್ಲಿ ಎಂಬ ಎರಡು ಮುಳುಗಿಯೇ ಹೋದವು. ತೆರೆಯನ್ನು ತಡೆಯುತ್ತಿದ್ದ ಗೋಡೆಯನ್ನು ಕಿತ್ತ ಮೇಲೆ ನೆಲ ಉಳಿಯುವುದೆಂತು?

ಕಾಯ್ದೆಯ ಆ ಪಟ್ಟಿಯಲ್ಲಿ ಹೆಸರಿಲ್ಲದ ಕೆಲವು ಮೆದು ಹವಳಗಳಿವೆ. ಮನೆಯ ತೊಟ್ಟಿಗೆ ಮೊದಲ ಹವಳವಾಗಿ ಯೋಚಿಸಬೇಕಾದದ್ದು ಅವುಗಳನ್ನು ಮಾತ್ರ. ಅಲ್ಲಿಯೂ ಕಡಲಿನಿಂದ ಕಿತ್ತು ತಂದದ್ದು ಬೇಡ, ತೊಟ್ಟಿಯಲ್ಲೇ ಬೆಳೆಸಿ ಕತ್ತರಿಸಿದ ತುಂಡು ಕೇಳಿರಿ. ಬಿಲ್ಲು ಕೇಳಿರಿ, ಹೊರದೇಶದ್ದಾದರೆ ಆಮದಿನ ಕಾಗದ ಕೇಳಿರಿ. ಕಾಗದ ತೋರಿಸದವರ ಮಾಲು ಎಷ್ಟು ಅಗ್ಗವಾದರೂ ಕೊಳ್ಳಬೇಡಿರಿ. ಸಂಶಯವಿದ್ದರೆ ಕೊಳ್ಳುವ ಮೊದಲೇ ಅರಣ್ಯ ಇಲಾಖೆಯವರನ್ನು ವಿಚಾರಿಸಿರಿ. ತೊಟ್ಟಿಗೆ ಬೇಕಾದ ಕಲ್ಲೂ ಅಷ್ಟೆ, ಸಮುದ್ರದಿಂದ ತಂದ ಬಂಡೆಯ ಬದಲು ಮನುಷ್ಯರು ತಯಾರಿಸಿದ ಒಣಕಲ್ಲು ಸಾಕು.

ನಂತರ ನೀರು

ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಎರಡನ್ನೂ ನೇರವಾಗಿ ಬಳಸುವಂತಿಲ್ಲ. ಆರ್‌ಒ ಯಂತ್ರದಲ್ಲಿ ಶುದ್ಧಮಾಡಿದ ನೀರಿಗೆ ಅಕ್ವೇರಿಯಂಗೆಂದೇ ಮಾರುವ ಸಮುದ್ರದ ಉಪ್ಪನ್ನು ಬೆರೆಸಬೇಕು. ಅಡುಗೆಯ ಉಪ್ಪು ನಡೆಯದು. ಒಂದು ಲೀಟರಿಗೆ ಸುಮಾರು 35 ಗ್ರಾಂ, ಅಂದರೆ 100 ಲೀಟರಿನ ತೊಟ್ಟಿಗೆ ಸುಮಾರು ಮೂರೂವರೆ ಕಿಲೋ ಉಪ್ಪು. ಬಿಸಿಲಿಗೆ ನೀರು ಆವಿಯಾದಾಗ ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಹಾಗಾಗಿ ಕಡಿಮೆಯಾದಷ್ಟನ್ನು ಶುದ್ಧ ಸಿಹಿನೀರಿನಿಂದಲೇ ತುಂಬಬೇಕು, ಉಪ್ಪುನೀರು ಹಾಕಬಾರದು.

ನೀರು ತುಂಬಿದ ದಿನವೇ ಹವಳ ತರುವಂತಿಲ್ಲ. ಹಾಲಿಗೆ ಹೆಪ್ಪು ಹಾಕಿ ರಾತ್ರಿಯಿಡೀ ಕಾಯುವುದಿಲ್ಲವೇ? ಇಲ್ಲಿ ಆ ಕಾಯುವಿಕೆ 4ರಿಂದ 6 ವಾರ. ಕೊಳೆತ ಪದಾರ್ಥದಿಂದ ಹುಟ್ಟುವ ಅಮೋನಿಯಾ ವಿಷ. ಅದನ್ನು ನೈಟ್ರೈಟ್ ಆಗಿಯೂ, ಆಮೇಲೆ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಬದಲಾಯಿಸುವ ಬ್ಯಾಕ್ಟೀರಿಯಾಗಳು ಕಲ್ಲು ಮರಳುಗಳಲ್ಲಿ ನೆಲೆಯೂರಬೇಕು. ಪರೀಕ್ಷೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಿದ ಮೇಲೆಯೇ ಮುಂದಿನ ಮಾತು.

ಎಲ್ಲಕ್ಕಿಂತ ದೊಡ್ಡ ಶತ್ರು ನಮ್ಮ ಬೇಸಿಗೆ. ಹವಳಕ್ಕೆ ಹಿತವಾದದ್ದು 24ರಿಂದ 27 ಡಿಗ್ರಿ. 30 ದಾಟಿ ಕೆಲವು ದಿನ ಕಳೆದರೆ ಮೈಯೊಳಗಿನ ಪಾಚಿ ಹೊರಬಿದ್ದು ಹವಳ ಬಿಳಿಚಿಕೊಳ್ಳುತ್ತದೆ, ಹಸಿದು ಸಾಯುತ್ತದೆ. 2024ರಲ್ಲಿ ಲಕ್ಷದ್ವೀಪದ ಹವಳಗಳು ಬಿಳಿಚಿಕೊಂಡದ್ದು ಹೀಗೆಯೇ, ಕಡಲೇ ಕಾದಿತ್ತು. ಏಪ್ರಿಲ್, ಮೇ ತಿಂಗಳಲ್ಲಿ ಗದ್ವಾಲಿನ ಬಿಸಿಲು 40 ಡಿಗ್ರಿ ದಾಟುತ್ತದೆ, ಕರೆಂಟು ಯಾವಾಗ ಹೋಗುವುದೋ ಹೇಳಲಾಗದು. ನಮ್ಮ ಒಣಹವೆಯಲ್ಲಿ ನೀರಿನ ಮೇಲೆ ಫ್ಯಾನಿನ ಗಾಳಿ ಬಿಟ್ಟರೆ ಮಣ್ಣಿನ ಮಡಕೆಯ ನೀರು ತಂಪಾಗುವಂತೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಅಷ್ಟು ಸಾಲದಾದಾಗ ಚಿಲ್ಲರ್ ಬೇಕು, ಜೊತೆಗೆ ಇನ್ವರ್ಟರ್ ಬೇಕು. ಇವೆರಡಕ್ಕೂ ಕೈ ಸಾಗದ ಮನೆಯವರು ಬೇಸರಿಸದೆ ಅದೇ ತೊಟ್ಟಿಯಲ್ಲಿ ಸಿಹಿನೀರಿನ ಗಪ್ಪಿ ಮೀನು ಸಾಕಲಿ. ಶಕ್ತಿಯಿಲ್ಲವೆಂದು ತಿಳಿದು ಒಂದು ಜೀವವನ್ನು ತಾರದೆ ಇರುವುದೂ ದಯೆಯೇ.

ಯಾವುದು, ಎಲ್ಲಿ?

ಮೊದಲನೆಯದಾಗಿ ಅಣಬೆ ಹವಳ. ಅಂಗಡಿಯವರು ಮಶ್ರೂಮ್ ಎನ್ನುತ್ತಾರೆ. ಹೊಸಬರ ಕೈಯಲ್ಲೂ ಬಾಳುವ ಜೀವ. ಇದಕ್ಕೆ ಪ್ರಖರ ಬೆಳಕು ಬೇಡ, ಜೋರಾದ ನೀರಿನ ಸೆಳೆತವೂ ಬೇಡ. ತೊಟ್ಟಿಯ ಕೆಳಭಾಗದಲ್ಲಿ, ಕಲ್ಲಿನ ನೆರಳು ಬೀಳುವ ಕಡೆ ಇಡಬೇಕು.

ಎರಡನೆಯದು ಲೆದರ್ ಎಂದು ಕರೆಯುವ ತೊಗಲು ಹವಳ. ಇದಕ್ಕೆ ನಡುಮಟ್ಟ ಸರಿ, ಸಾಧಾರಣ ಬೆಳಕು, ಸಾಧಾರಣ ಸೆಳೆತ ಸಾಕು. ಆಗಾಗ ಇದು ಮುದುಡಿ, ಮೈಮೇಲೆ ಮೇಣದಂಥ ಪೊರೆ ಕಟ್ಟಿ, ಕೆಲವು ದಿನಗಳಲ್ಲಿ ಅದನ್ನು ಕಳಚುತ್ತದೆ. ಸತ್ತಿತೆಂದು ಗಾಬರಿಯಾಗಿ ಎತ್ತಿ ಬಿಸಾಡಬೇಡಿರಿ. ಪೊರೆ ಕಳಚುವಷ್ಟು ನೀರಿನ ಚಲನೆ ಇದೆಯೇ ಎಂದು ಮಾತ್ರ ನೋಡಿರಿ.

ಮೂರನೆಯದು ಗ್ರೀನ್ ಸ್ಟಾರ್ ಪಾಲಿಪ್. ಹಸಿರು ಹುಲ್ಲುಹಾಸಿನಂತೆ ಚಂದ, ಆದರೆ ಹೊಲದ ಬದುವಿನ ಗರಿಕೆಯಂತೆ ಸಿಕ್ಕಲ್ಲೆಲ್ಲ ಹಬ್ಬುತ್ತದೆ. ಇದನ್ನು ಸುತ್ತ ಮರಳಿರುವ ಒಂಟಿ ಕಲ್ಲಿನ ಮೇಲೆ ಇಡಬೇಕು. ದೊಡ್ಡ ಕಲ್ಲಿಗೆ ತಾಗಿಸಿದರೆ ನೆರೆಯವರನ್ನೆಲ್ಲ ಮುಚ್ಚಿಬಿಡುತ್ತದೆ.

ಸಣ್ಣ ಹೂಗಳ ಗೊಂಚಲಿನಂತಿರುವ ಝೋವಾಂಥಿಡ್ ಎಂಬುದನ್ನೂ ಮಾರುತ್ತಾರೆ. ಸುಲಭವಾಗಿ ಬೆಳೆಯುತ್ತದೆ, ನಿಜ. ಆದರೆ ಅದರ ಕೆಲವು ಜಾತಿಗಳಲ್ಲಿ ಪಾಲಿಟಾಕ್ಸಿನ್ ಎಂಬ ಘೋರವಿಷವಿದೆ. ಗಾಯವಿದ್ದ ಕೈಯಿಂದ ಮುಟ್ಟುವುದು, ಅದಿರುವ ಕಲ್ಲನ್ನು ಬಿಸಿನೀರಿನಲ್ಲಿ ಕುದಿಸಿ ತೊಳೆಯುವುದು ಪ್ರಾಣಾಪಾಯ. ಅದರ ಆವಿಯಿಂದ ಇಡೀ ಕುಟುಂಬಗಳೇ ಆಸ್ಪತ್ರೆ ಸೇರಿದ ಉದಾಹರಣೆಗಳು ಹೊರದೇಶಗಳಲ್ಲಿವೆ. ಸಣ್ಣ ಮಕ್ಕಳಿರುವ ಮನೆಗೆ ಅದು ಬೇಡವೆಂದೇ ನಮ್ಮ ಮಾತು. ಯಾವ ಹವಳವನ್ನು ಮುಟ್ಟುವಾಗಲೂ ಕೈಗವಸು ಇರಲಿ.

ಒಂದು ಹವಳಕ್ಕೂ ಇನ್ನೊಂದಕ್ಕೂ ಒಂದು ಗೇಣು ಅಂತರ ಬಿಡಿರಿ. ನೋಡಲು ಹೂವಿನಂತಿದ್ದರೂ ಇವು ಜಾಗಕ್ಕಾಗಿ ಜಗಳವಾಡುತ್ತವೆ. ಕೆಲವು ಕುಟುಕುತ್ತವೆ, ಮೆದು ಹವಳಗಳು ನೀರಿನಲ್ಲಿ ರಾಸಾಯನಿಕ ಬಿಟ್ಟು ನೆರೆಯದನ್ನು ಸೊರಗಿಸುತ್ತವೆ. ಫಿಲ್ಟರಿನಲ್ಲಿ ಇದ್ದಿಲು ಇಟ್ಟರೆ ಆ ಬಾಧೆ ಕಡಿಮೆಯಾಗುತ್ತದೆ. ಪಂಪಿನ ಧಾರೆ ನೇರವಾಗಿ ಹವಳದ ಮುಖಕ್ಕೆ ಹೊಡೆಯಬಾರದು, ಗಾಜಿಗೆ ತಾಗಿ ಹರಡಿ ಬರಬೇಕು.

ತಂದ ದಿನ ಚೀಲವನ್ನು ಹದಿನೈದು ಇಪ್ಪತ್ತು ನಿಮಿಷ ತೊಟ್ಟಿಯಲ್ಲಿ ತೇಲಿಬಿಟ್ಟು, ತೊಟ್ಟಿಯ ನೀರನ್ನು ಸ್ವಲ್ಪಸ್ವಲ್ಪವಾಗಿ ಚೀಲಕ್ಕೆ ಸೇರಿಸಿ ಹವಳಕ್ಕೆ ರೂಢಿ ಮಾಡಿಸಿರಿ. ಯಾವ ಹವಳವೇ ಆಗಲಿ, ಮೊದಲ ವಾರ ತಳದಲ್ಲೇ ಇರಲಿ, ದೀಪ ಕಡಿಮೆ ಹೊತ್ತು ಉರಿಯಲಿ. ಆಮೇಲೆ ಬೇಕಿದ್ದರೆ ನಿಧಾನವಾಗಿ ಮೇಲೇರಿಸಿರಿ. ಹೊಸಬರು ಮಾಡುವ ಸಾಮಾನ್ಯ ತಪ್ಪೆಂದರೆ ಇಂದು ಇಲ್ಲಿ, ನಾಳೆ ಅಲ್ಲಿ ಎಂದು ದಿನವೂ ಎತ್ತಿ ಇಡುವುದು. ಹವಳ ಒಂದು ಜಾಗಕ್ಕೆ ಹೊಂದಿಕೊಳ್ಳಲು ವಾರಗಳೇ ಬೇಕು. ಅರಳಿದೆಯೇ, ಮುದುಡಿದೆಯೇ, ಬಣ್ಣ ಕಳೆಗುಂದಿದೆಯೇ ಎಂದು ದಿನವೂ ನೋಡಿರಿ. ಕೈ ಮಾತ್ರ ಅವಸರದಿಂದ ಹಾಕಬೇಡಿರಿ.

ಮನೆಯೆಂಬ ತೊಟ್ಟಿ

ಪ್ರಭು ಯೇಸು ಹೇಳಿದ ಬಿತ್ತುವವನ ಸಾಮತಿಯಲ್ಲಿ ಬಂಡೆಯ ಮೇಲೆ ಬಿದ್ದ ಬೀಜ ಬೇರಿಲ್ಲದೆ ಒಣಗಿತು. ಹವಳಕ್ಕಾದರೋ ಬಂಡೆಯೇ ಮನೆ. ಒಬ್ಬರಿಗೆ ಒಗ್ಗಿದ ನೆಲ ಇನ್ನೊಬ್ಬರಿಗೆ ಒಗ್ಗಬೇಕೆಂದಿಲ್ಲ. ಅಣಬೆ ಹವಳವನ್ನು ಪ್ರಖರ ದೀಪದ ಕೆಳಗಿಟ್ಟು, ಇದು ಏಕೆ ಅರಳುವುದಿಲ್ಲ ಎಂದು ಬೈದರೆ ತಪ್ಪು ಯಾರದು?

ನಮ್ಮ ಮನೆಗಳಲ್ಲೂ ತಾವಾಗಿ ಜಾಗ ಆರಿಸಿಕೊಳ್ಳಲಾಗದವರು ಇದ್ದಾರೆ. ಪಾಲಮೂರು ಸೀಮೆಯಿಂದ ಕಟ್ಟಡದ ಕೆಲಸಕ್ಕೆಂದು ಮುಂಬಯಿ, ಪುಣೆ, ಹೈದರಾಬಾದಿಗೆ ಹೋಗುವ ತಂದೆತಾಯಿ ಮಕ್ಕಳನ್ನು ಅಜ್ಜಿಯ ಬಳಿಯೋ ಹಾಸ್ಟೆಲಿನಲ್ಲೋ ಬಿಡುತ್ತಾರೆ. ಹೊಟ್ಟೆಪಾಡು, ಅದನ್ನು ನಾವು ತಪ್ಪೆನ್ನುವುದಿಲ್ಲ. ಮನೆಯಲ್ಲಿ ಕನ್ನಡ ಕೇಳಿ ಬೆಳೆದ ಮಗುವನ್ನು ತೆಲುಗಿನ ಇಲ್ಲವೇ ಇಂಗ್ಲಿಷಿನ ಶಾಲೆಗೆ ಸೇರಿಸುತ್ತೇವೆ. ರಾಯಚೂರು ಕಡೆಯ ಹುಡುಗಿಯನ್ನು ಸೊಸೆಯಾಗಿ ಗದ್ವಾಲಿಗೆ ತರುತ್ತೇವೆ. ಹೊಲದ ನಡುವೆ ಬಾಳಿದ ವಯಸ್ಸಾದ ಅಪ್ಪನನ್ನು ಹೈದರಾಬಾದಿನ ನಾಲ್ಕನೆಯ ಮಹಡಿಯ ಫ್ಲ್ಯಾಟಿನಲ್ಲಿ ಇರಿಸುತ್ತೇವೆ. ಇಡುವುದು ಅನಿವಾರ್ಯವಿರಬಹುದು. ಆದರೆ ಇಟ್ಟ ಮೇಲೆ ನೋಡುತ್ತೇವೆಯೇ? ಫೀಸು ಕಟ್ಟಿ ಬಂದೆವು, ಮದುವೆ ಮಾಡಿ ಕಳಿಸಿದೆವು, ಅಪ್ಪನಿಗೆ ಮಂಚ ಹಾಕಿಸಿದೆವು ಎಂದಲ್ಲಿಗೆ ಕರ್ತವ್ಯ ಮುಗಿಯಿತೆಂದುಕೊಂಡರೆ, ಮುದುಡಿದ ಜೀವ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಹವಳಕ್ಕೆ ಬಾಯಿದ್ದರೂ ಮಾತಿಲ್ಲ. ಈ ಮೂವರಿಗೆ ಮಾತಿದ್ದರೂ ಹೇಳಿಕೊಳ್ಳಲು ಅನೇಕ ಸಲ ಧೈರ್ಯವಿರುವುದಿಲ್ಲ.

2015ರಲ್ಲಿ ಜಗದ್ಗುರು ಫ್ರಾನ್ಸಿಸ್ ಅವರು ನೀಡಿದ ಲೌದಾತೊ ಸಿ ಎಂಬ ವಿಶ್ವಪತ್ರದಲ್ಲಿ ಹವಳದ ಬಂಡೆಗಳ ನಾಶದ ಬಗ್ಗೆ ನೋವಿನ ಮಾತಿದೆ. ಭೂಮಿ ನಮ್ಮೆಲ್ಲರ ಮನೆ ಎಂಬುದು ಆ ಪತ್ರದ ತಿರುಳು. ಜ್ಞಾನದ ಮುಂದೆ ಹವಳವೂ ಲೆಕ್ಕಕ್ಕಿಲ್ಲ ಎಂಬ ಅರ್ಥದ ಮಾತು ಯೋಬನ ಗ್ರಂಥದ 28ನೆಯ ಅಧ್ಯಾಯದಲ್ಲಿದೆ. ಆ ಜ್ಞಾನ ಎಲ್ಲೋ ದೂರವಿಲ್ಲ. ನಮ್ಮ ಕೈಯಲ್ಲಿರುವ ಜೀವಕ್ಕೆ ಏನು ಹಿತವೆಂದು ಕಲಿತು, ಕಾದು, ಆಮೇಲೆ ಇಡುವುದೂ ಅದರ ಒಂದು ಪಾಲು.

ಆ ಕುಟುಂಬಕ್ಕೆ ನಾವು ಹೇಳಿದ್ದು ಇಷ್ಟೆ: ಬಿಲ್ಲಿಲ್ಲದ ಹವಳವನ್ನು ಬಿಡಿರಿ. ಆರು ವಾರ ಬರೀ ನೀರನ್ನೂ ಕಲ್ಲನ್ನೂ ನೋಡಿಕೊಳ್ಳುವ ಕೆಲಸವನ್ನು ಮಗಳಿಗೇ ಒಪ್ಪಿಸಿರಿ. ದಿನವೂ ಉಷ್ಣತೆ ಬರೆದಿಡಲಿ, ಕಡಿಮೆಯಾದ ನೀರು ತುಂಬಲಿ. ಆಮೇಲೂ ಅವಳ ಉತ್ಸಾಹ ಉಳಿದಿದ್ದರೆ ಒಂದೇ ಒಂದು ಅಣಬೆ ಹವಳ ತನ್ನಿರಿ.

ಮಿಕ್ಕ ಮನೆಗಳವರಿಗೂ ಒಂದು ಕೆಲಸವಿದೆ. ಇಂದು ರಾತ್ರಿ ಜಪಸರ ಮುಗಿದ ಮೇಲೆ ಹಾಸ್ಟೆಲಿನಲ್ಲಿರುವ ಮಗುವಿಗೋ, ಕೊಟ್ಟ ಮನೆಯಲ್ಲಿರುವ ಮಗಳಿಗೋ ಒಂದು ಫೋನು ಮಾಡಿರಿ. ಅಂಕಗಳೆಷ್ಟು, ಅಡುಗೆಯೇನು ಎಂದು ಆಮೇಲೆ ಕೇಳಿದರಾಯಿತು. "ಅಲ್ಲಿ ನಿನಗೆ ಹಿತವಾಗಿದೆಯಾ?" ಎಂದು ಮೊದಲು ಕೇಳಿರಿ. ಉತ್ತರ ತಡವಾಗಿ ಬಂದರೆ ಫೋನು ಇಡಬೇಡಿರಿ, ಕಾಯಿರಿ.