ಜೀವ ಉಳಿದ್ರೆ ಸಾಕಾ, ದನಿ ಬೇಡ್ವಾ?

1/5
"ಕಾರ್ಡ್ ಇದೆಯಲ್ಲ, ಟ್ರೀಟ್‌ಮೆಂಟ್ ಫ್ರೀ. ಇನ್ನೇನು ಕಷ್ಟ?" ಗಂಟಲು ಕ್ಯಾನ್ಸರ್ ಬಂದವರ ಮನೆಯವರಿಗೆ ಈ ಮಾತು ಹೇಳೋ ಮುಂಚೆ ಇದನ್ನ ಕೊನೇವರೆಗೂ ಓದಿ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಒಳ್ಳೇದೇ. ಆದ್ರೆ ಲೆಕ್ಕ ಅಲ್ಲಿಗೆ ಮುಗಿಯಲ್ಲ.

2/5
ರೇಡಿಯೇಷನ್ ಅಂದ್ರೆ ಸಾಮಾನ್ಯವಾಗಿ ವಾರಕ್ಕೆ 5 ದಿನ, 6–7 ವಾರ. ಕಿದ್ವಾಯಿ ಇರೋದು ಬೆಂಗಳೂರಿನ ಹೊಸೂರು ರಸ್ತೆಯಲ್ಲಿ. ಗೌರಿಬಿದನೂರಿಂದ, ಚಿಕ್ಕಬಳ್ಳಾಪುರದಿಂದ ಹೋಗೋರು ಇಡೀ ಸಿಟಿ ದಾಟಬೇಕು. 30ಕ್ಕೂ ಹೆಚ್ಚು ಸಲ ಓಡಾಡಬೇಕು, ಇಲ್ಲಾ ಅಲ್ಲೇ ರೂಮ್ ಮಾಡಬೇಕು. ಶಿಡ್ಲಘಟ್ಟದಲ್ಲಿ ರೇಷ್ಮೆ ರೀಲಿಂಗ್‌ಗೆ ಹೋಗೋರ ಅಷ್ಟು ದಿನದ ಕೂಲಿ ಯಾರು ಕೊಡ್ತಾರೆ? ಜೊತೆಗೆ ಹೋದವರ ಕೂಲಿ?

3/5
ಕಾಯಿಲೆ ಮುಂದುವರಿದಿದ್ರೆ ಕೆಲವರಿಗೆ ಧ್ವನಿಪೆಟ್ಟಿಗೇನೇ ತೆಗೀತಾರೆ. ಆಮೇಲೆ ಉಸಿರಾಟ ಕತ್ತಿನ ತೂತಿಂದ. ಸ್ನಾನಕ್ಕೂ ಹುಷಾರಾಗಿರಬೇಕು, ಧೂಳು ಸೀದಾ ಒಳಗೆ. ಮಾತಂತೂ ಇಲ್ಲ. ಚಿಂತಾಮಣಿ ಟೊಮೆಟೊ ಮಂಡಿಯಲ್ಲಿ ಹರಾಜು ಕೂಗೋರಿಗೆ, ಕೈವಾರದಲ್ಲಿ ತತ್ವಪದ ಹಾಡೋರಿಗೆ ದನಿ ಅಂದ್ರೆ ಅನ್ನ, ಮರ್ಯಾದೆ ಎರಡೂ. ಆಪರೇಷನ್ ಸಕ್ಸಸ್ ಅಂತ ಬರೆದು ಫೈಲ್ ಮುಚ್ಚಿದ್ರೆ ಬದುಕು ವಾಪಸ್ ಬಂತಾ?

4/5
ಮಾತು ವಾಪಸ್ ತರೋ ಪುಟ್ಟ ಸಾಧನ ಇದೆ, ವಾಯ್ಸ್ ಪ್ರಾಸ್ತೆಸಿಸ್. ವಿದೇಶದ್ದಕ್ಕೆ 15,000 ರೂಪಾಯಿಗೂ ಮೇಲೆ. ಒಂದ್ಸಲ ಹಾಕಿದ್ರೆ ಮುಗೀತು ಅಂತಲ್ಲ, ಆಗಾಗ ಬದಲಾಯಿಸಬೇಕು. ಇದನ್ನ ನೋಡಿ ಬೆಂಗಳೂರಿನ ಕ್ಯಾನ್ಸರ್ ಸರ್ಜನ್ ಡಾ. ವಿಶಾಲ್ ರಾವ್, ಗೆಳೆಯ ಶಶಾಂಕ್ ಮಹೇಶ್ ಜೊತೆ ಸೇರಿ 'ಓಂ' ಅನ್ನೋ ಸಾಧನ ಮಾಡಿದ್ರು. ಆಗ ಅದರ ಬೆಲೆ ಸುಮಾರು 50 ರೂಪಾಯಿ ಇತ್ತು! ಅಂದ್ರೆ ಕಡಿಮೆ ಖರ್ಚಲ್ಲಿ ಆಗಲ್ಲ ಅನ್ನೋ ನೆಪ ನಡೆಯಲ್ಲ. ಬಡವರ ದನಿಯನ್ನ ಲಕ್ಷುರಿ ಅಂದ್ಕೊಂಡಿರೋದೇ ಸಮಸ್ಯೆ.

5/5
ನಮ್ಮ ಬೇಡಿಕೆ ಸಿಂಪಲ್: ದನಿ, ನುಂಗೋ ತರಬೇತಿ, ಓಡಾಟ, ಉಳಿಯೋ ಜಾಗ ಎಲ್ಲಾನೂ ಚಿಕಿತ್ಸೆ ಅಂತಲೇ ಲೆಕ್ಕ ಹಾಕಿ.

ನೀವು ಮಾಡೋದು ಇಷ್ಟು. ಮನೇಲಿ ಯಾರಿಗಾದ್ರೂ 3 ವಾರ ಆದ್ರೂ ದನಿ ಒಡಕು ಹೋಗಿಲ್ವಾ? ಕಷಾಯ ಕುಡಿಸ್ತಾ ಕೂರಬೇಡಿ, ತಾಲ್ಲೂಕು ಆಸ್ಪತ್ರೆಗೆ ಕರ್ಕೊಂಡು ಹೋಗಿ. ಬೇಗ ಸಿಕ್ಕಿದ್ರೆ ಎಷ್ಟೋ ಜನರ ಧ್ವನಿಪೆಟ್ಟಿಗೆ ಉಳಿಸಬಹುದು. ಆಪರೇಷನ್‌ಗೆ ಸೈನ್ ಹಾಕೋ ಮುಂಚೆ ಡಾಕ್ಟರನ್ನ ಕೇಳಿ: "ಆಮೇಲೆ ಇವರು ಮಾತಾಡೋದು ಹೇಗೆ, ಅದಕ್ಕೆ ಎಷ್ಟಾಗುತ್ತೆ?" ರೈಲಲ್ಲಿ ಹೋಗೋದಾದ್ರೆ ಕ್ಯಾನ್ಸರ್ ರೋಗಿಗಳಿಗಿರೋ ರಿಯಾಯಿತಿಗೆ ಆಸ್ಪತ್ರೆಯಿಂದ ಸರ್ಟಿಫಿಕೇಟ್ ತಗೊಳ್ಳಿ.

ಅವರಿಗೆ ಕೂಗೋಕೆ ಆಗಲ್ಲ. ನಮಗೆ ಆಗುತ್ತಲ್ವಾ? ಶೇರ್ ಮಾಡಿ.

#ದನಿಯೂಚಿಕಿತ್ಸೆ #ಚಿಕ್ಕಬಳ್ಳಾಪುರ #ಗೌರಿಬಿದನೂರು #ಚಿಂತಾಮಣಿ #ಶಿಡ್ಲಘಟ್ಟ